ಪಕ್ಕದ ಬಣ್ಣವನ್ನೂ ನೋಡು

ಪ್ರೀತಿಯ ತಂಗಿಗೆ,

ಫ್ರೆಂಚ್ ಚಿತ್ರಕಾರ ಮಾತೀಸ್ ಬಗ್ಗೆ ನೀನು ಬರೆದು ಕಳಿಸಿದ ಲೇಖನ ಓದಿದೆ. ಓದಿಸಿಕೊಂಡು ಹೋಗುತ್ತದೆ, ಉತ್ಸಾಹವೂ ಇದೆ. ಆದರೆ ನನ್ನದೊಂದು ದೊಡ್ಡ ತಕರಾರು. ಅವನು ಬರೆದ ಹೆಂಡತಿಯ ಭಾವಚಿತ್ರ ‘ಹಸಿರು ಪಟ್ಟೆ’ಯಲ್ಲಿ ಮೂಗಿನ ಮೇಲಿನ ಹಸಿರು ಎಂದರೆ ಅವಳ ಅಸೂಯೆ, ಹಿಂದಿನ ಕೆಂಪು ಎಂದರೆ ಅವಳ ಕೋಪ ಎಂದು ಬರೆದುಬಿಟ್ಟಿದ್ದೀಯ. ಹಸಿರು, ಕೆಂಪು ಇರುವ ಯಾವ ಚಿತ್ರಕ್ಕೆ ಬೇಕಾದರೂ ಈ ಮಾತು ಹೇಳಬಹುದು, ಅಲ್ವಾ? ಹಾಗಾದರೆ ಈ ಚಿತ್ರದ ಬಗ್ಗೆ ಹೇಳಿದ್ದೇನು?

ಚಿತ್ರವನ್ನು ಇನ್ನೊಮ್ಮೆ ಎದುರಿಗಿಟ್ಟುಕೋ. 1905ರದ್ದು, ಈಗ ಕೋಪನ್‌ಹೇಗನ್‌ನಲ್ಲಿದೆ. ಎತ್ತರ 40 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಣೆಯಿಂದ ಮೂಗಿನುದ್ದಕ್ಕೂ ಇಳಿಯುವ ಪಟ್ಟೆ ಮುಖವನ್ನು ಎರಡು ಭಾಗ ಮಾಡಿದೆ. ನಮ್ಮ ಎಡಕ್ಕಿರುವ ಕೆನ್ನೆ ಹಳದಿ, ಬಲಕ್ಕಿರುವುದು ಗುಲಾಬಿ. ಹಳೆಯ ಭಾವಚಿತ್ರಗಳಲ್ಲಿ ಮುಖದ ಬೆಳಕಿನ ಭಾಗಕ್ಕೂ ನೆರಳಿನ ಭಾಗಕ್ಕೂ ನಡುವೆ ಒಂದು ಗಡಿ ಇರುತ್ತದಲ್ಲ, ಪಟ್ಟೆ ನಿಂತಿರುವುದು ಅಲ್ಲೇ. ಬೇರೆಯವರು ಅಲ್ಲಿ ಕಂದು ಬೆರೆಸಿ ನೆರಳು ತರುತ್ತಿದ್ದರು. ಮಾತೀಸ್ ಆ ಕೆಲಸವನ್ನು ಹಸಿರಿಗೆ ಕೊಟ್ಟ.

ಈಗ ಕೆನ್ನೆಗಳ ಪಕ್ಕ ಏನಿದೆ ನೋಡು. ಗುಲಾಬಿ ಕೆನ್ನೆಯ ಪಕ್ಕದ ಗೋಡೆ ಹಸಿರು. ಹಳದಿ ಕೆನ್ನೆಯ ಕಡೆ ನೇರಳೆ ಛಾಯೆ, ಅದರ ಕೆಳಗೆ ಕಿತ್ತಳೆ ಕೆಂಪು. ಆ ಹಸಿರು ಗೋಡೆಯನ್ನು ಒಂದು ಚೂರು ಬಿಳಿ ಕಾಗದದಿಂದ ಮುಚ್ಚಿ ನೋಡು. ಗುಲಾಬಿ ಸಪ್ಪೆಯಾಗುತ್ತದೆ. ಕಾಗದ ತೆಗೆ, ಮತ್ತೆ ಕಳೆ ಬರುತ್ತದೆ. ನೀನು ಬರೆಯಬೇಕಾದದ್ದು ಇದನ್ನು. ಬಣ್ಣ ಎಲ್ಲಿದೆ, ಪಕ್ಕದಲ್ಲಿ ಯಾವುದಿದೆ, ಎರಡೂ ಸೇರಿ ಏನು ಮಾಡುತ್ತಿವೆ. ಅವಳ ಮನಸ್ಸಿನ ವಿಷಯ ಆಮೇಲೆ.

ಇದು ನಾನು ಹುಟ್ಟಿಸಿದ ಸಿದ್ಧಾಂತವಲ್ಲ. ಪ್ಯಾರಿಸ್‌ನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ಬಣ್ಣ ಹಾಕುವ ವಿಭಾಗ ನೋಡಿಕೊಳ್ಳುತ್ತಿದ್ದ. ಕಪ್ಪು ದಾರಕ್ಕೆ ಕಪ್ಪೇ ಸಾಲದು ಎಂದು ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ಏನೂ ಕೊರತೆಯಿರಲಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ದಾರಗಳಿಂದಾಗಿ ಅದು ಪೇಲವವಾಗಿ ಕಾಣುತ್ತಿತ್ತು. 1839ರಲ್ಲಿ ಅವನು ಇದರ ಮೇಲೆ ದೊಡ್ಡ ಪುಸ್ತಕವನ್ನೇ ತಂದ. ಮುಂದೆ ಫ್ರಾನ್ಸಿನ ಕಲಾವಿದರಿಗೆ ಅದು ತುಂಬಾ ಉಪಯೋಗಕ್ಕೆ ಬಂತು.

ಡಚ್ ಚಿತ್ರಕಾರ ವ್ಯಾನ್ ಗೋ ಕೆಂಪು ಹಸಿರಿನಲ್ಲೇ ಮನುಷ್ಯನ ಭಯಾನಕ ಭಾವಗಳನ್ನು ಹೇಳಲು ಹೊರಟನಲ್ಲ ಎಂದು ನೀನು ವಾದ ಮಾಡಬಹುದು. ಹೌದು, 1888ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಆರ್ಲ್ ಊರಿನಿಂದ ತಮ್ಮ ತಿಯೊಗೆ ಬರೆದ ಕಾಗದದಲ್ಲಿ ತನ್ನ ‘ರಾತ್ರಿಯ ಕೆಫೆ’ ಚಿತ್ರದ ಬಗ್ಗೆ ಅವನು ಹಾಗೇ ಹೇಳಿದ್ದಾನೆ. ಆದರೆ ಆ ಕಾಗದವನ್ನು ಪೂರ್ತಿ ಓದು. ಕೋಪಕ್ಕೆ ಕೆಂಪು, ಅಸೂಯೆಗೆ ಹಸಿರು ಎಂಬ ಪಟ್ಟಿ ಅಲ್ಲಿಲ್ಲ. ರಕ್ತಗೆಂಪು ಗೋಡೆ, ನಡುವೆ ಹಸಿರು ಬಿಲಿಯರ್ಡ್ಸ್ ಮೇಜು, ನಾಲ್ಕು ನಿಂಬೆ ಹಳದಿ ದೀಪಗಳು ಎಂದು ಒಂದೊಂದನ್ನೇ ಹೇಳಿ, ಎಲ್ಲೆಲ್ಲೂ ಬಗೆಬಗೆಯ ಕೆಂಪು ಹಸಿರುಗಳ ಜಗಳ ಎನ್ನುತ್ತಾನೆ. ಆ ಕೋಣೆಯಲ್ಲಿ ನಮಗಾಗುವ ಸಂಕಟ ಹುಟ್ಟುವುದು ಆ ಜಗಳದಲ್ಲಿ.

1905ರ ಪ್ಯಾರಿಸ್ ಪ್ರದರ್ಶನ, ವಿಮರ್ಶಕ ವೊಕ್ಸೆಲ್ ಮಾತೀಸ್ ಮತ್ತು ಅವನ ಜೊತೆಗಾರರನ್ನು ಕಾಡುಮೃಗಗಳು ಎಂದದ್ದು, ಇದಕ್ಕೆಲ್ಲ ನೀನು ಒಂದು ಪುಟ ಕೊಟ್ಟಿದ್ದೀಯ. ಎರಡು ಸಾಲು ಸಾಕು. ಆ ಜಾಗವನ್ನು ಮಾತೀಸನ ‘ಕೆಂಪು ಸ್ಟುಡಿಯೋ’ಗೆ ಕೊಡು. ನೀನು ಅದನ್ನು ಸುಮ್ನೆ ಹೆಸರಿಸಿ ಮುಂದೆ ಹೋಗಿದ್ದು ನನಗೆ ಬೇಜಾರಾಯಿತು. 1911ರ ಚಿತ್ರ, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ, ಎರಡು ಮೀಟರಿಗಿಂತ ಅಗಲ. ಗೋಡೆ, ನೆಲ, ಮೇಜು ಎಲ್ಲಾ ಒಂದೇ ಕೆಂಪು, ನಮ್ಮ ಕಾವಿಗೆ ಹತ್ತಿರದ್ದು. ಆದರೆ ಮೊದಲು ಅದು ಹಾಗಿರಲಿಲ್ಲ. ಅಡಿಯಲ್ಲಿ ನೀಲಿ ಗೋಡೆ, ಗುಲಾಬಿ ನೆಲ, ಹಳದಿ ಪೀಠೋಪಕರಣ ಇವೆ. ಎಲ್ಲಾ ಮುಗಿದ ಮೇಲೆ ಕೆಂಪನ್ನು ಬಳಿದ. ಮೇಜು, ಕುರ್ಚಿಗಳ ಅಂಚಿನ ತೆಳು ಗೆರೆಗಳನ್ನು ನೋಡಿದರೆ ಕೆಂಪಿನ ಮೇಲೆ ಎಳೆದದ್ದು ಅನ್ನಿಸುತ್ತದೆ. ಎಳೆದದ್ದಲ್ಲ, ಬಿಟ್ಟದ್ದು. ಕೆಂಪು ಬಳಿಯುವಾಗ ಅಷ್ಟಷ್ಟು ಜಾಗ ಖಾಲಿ ಬಿಟ್ಟಿದ್ದಾನೆ, ಅಡಿಯ ಬಣ್ಣ ಅಲ್ಲಿಂದ ಇಣುಕುತ್ತದೆ. ಗೋಡೆಗೆ ಒರಗಿಸಿದ, ತೂಗುಹಾಕಿದ ತನ್ನ ಚಿತ್ರಗಳನ್ನು ಅವುಗಳ ಬಣ್ಣದಲ್ಲೇ ಉಳಿಸಿದ್ದಾನೆ. ಕೋಣೆ ಕರಗಿ, ಅವನ ಕೆಲಸವಷ್ಟೇ ನಿಂತಿದೆ. ಮಾತೀಸನ ಚಿತ್ರಗಳನ್ನು ಸಾಲುಸಾಲಾಗಿ ಕೊಳ್ಳುತ್ತಿದ್ದ ರಷ್ಯಾದ ಶೂಕಿನ್ ಕೂಡ ಇದನ್ನು ಬೇಡ ಎಂದ. ಇಷ್ಟು ಕಣ್ಣಿಗೆ ಕಂಡ ಮೇಲೆ ಆ ಕೆಂಪು ಏನನ್ನು ಹೇಳುತ್ತದೆ ಎಂದು ನೀನು ಬರೆ, ನಾನು ನಂಬುತ್ತೇನೆ.

ಇನ್ನೊಂದು ಮಾತು. ‘ವರ್ಣವೈಭವ’, ‘ಬಣ್ಣಗಳ ಲೋಕ’ ಇಂಥವನ್ನೆಲ್ಲ ಹೊಡೆದುಹಾಕು. ಗಿಣಿಹಸಿರು, ಅರಿಶಿನ, ಕಾವಿ, ನೇರಳೆ ಎಂದು ಬರೆ, ಓದುವವರಿಗೆ ತಕ್ಷಣ ಕಾಣುತ್ತದೆ. ಮೊಬೈಲಿನಲ್ಲಿ ಸಿಕ್ಕ ಒಂದೇ ಫೋಟೋ ನಂಬಿ ಕೂರಬೇಡ. ಒಂದೊಂದರಲ್ಲಿ ಒಂದೊಂದು ಬಣ್ಣ ಬರುತ್ತದೆ. ಮ್ಯೂಸಿಯಂನವರೇ ಹಾಕಿದ ದೊಡ್ಡ ಚಿತ್ರ ಹುಡುಕು.

ತಿದ್ದಿದ ಪ್ರತಿ ಕಳಿಸು. ಹಸಿರು ಪಟ್ಟೆಯ ಭಾಗವನ್ನೇ ಮೊದಲು ಓದುತ್ತೇನೆ.

ಪ್ರೀತಿಯಿಂದ,
ನಿನ್ನ ಅಣ್ಣ