ತಲಪಾಡಿ ದಾಟಿ ದುಡಿಯುವವರು ಯಾರ ಲೆಕ್ಕಕ್ಕೆ?

ಮಾನ್ಯರೇ,

ಕೇರಳದ ಮಂಜೇಶ್ವರ, ಉಪ್ಪಳ ಕಡೆಯ ಎಷ್ಟೋ ಹುಡುಗರು ದಿನಾ ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲಿ ಊಟ, ದಿನಸಿ ಡೆಲಿವರಿ ಮಾಡುತ್ತಾರೆ. ಕೆಎಲ್ 14 ನಂಬರಿನ ಬೈಕು, ಹ್ಯಾಂಡಲಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಮೊಬೈಲು. ನಮ್ಮ ನೆರೆಮನೆಯ ಹುಡುಗನ ಡೆಲಿವರಿ ಆ್ಯಪ್‌ನ ಐಡಿಯನ್ನು ಒಂದು ಬೆಳಿಗ್ಗೆ ಸುಮ್ನೆ ಬ್ಲಾಕ್ ಮಾಡಿದರು. ಕಾರಣ ಕೇಳೋಣವೆಂದರೆ ಆಫೀಸೂ ಇಲ್ಲ, ಮ್ಯಾನೇಜರೂ ಇಲ್ಲ. ಚಾಟ್‌ನಲ್ಲಿ ಅದೇ ಸಿದ್ಧ ಉತ್ತರ.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ, ಅಂದರೆ ಹೀಗೆ ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವವರಿಗಾಗಿ, ಕಾನೂನು ತಂದಿದೆ. ಕೆಲಸದಿಂದ ತೆಗೆಯುವುದಾದರೆ ಕಾರಣ ಬರೆದು 14 ದಿನ ಮೊದಲೇ ತಿಳಿಸಬೇಕು. ಪ್ರತಿ ಆರ್ಡರಿಗೆ ಕಾರ್ಮಿಕನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಒಳ್ಳೆಯದೇ. ಆದರೆ ಆಧಾರ್‌ನಲ್ಲಿ ಕೇರಳದ ವಿಳಾಸ ಇರುವವರ ಗತಿ? ಆರ್ಡರು ಮಂಗಳೂರಿನದು, ಶುಲ್ಕವೂ ಅಲ್ಲಿಯದೇ. ಸವಲತ್ತೂ ಅಲ್ಲಿಂದಲೇ ಸಿಗಬೇಕಲ್ವಾ? (ಎರಡೂ ಕಡೆ ‘ಆಚೆಯವರು’ ಅನಿಸಿಕೊಳ್ಳುವುದು ನಮಗೆ ಅಭ್ಯಾಸ ಆಗಿದೆ, ಬಿಡಿ.)

ಕರ್ನಾಟಕದ ಕಾರ್ಮಿಕ ಇಲಾಖೆ ಇದನ್ನು ಸ್ಪಷ್ಟವಾಗಿ ಹೇಳಲಿ. ತಲಪಾಡಿಯಲ್ಲೇ ಒಂದು ನೋಂದಣಿ ಶಿಬಿರ ಇಟ್ಟರೆ ಇನ್ನೂ ಒಳ್ಳೆಯದು. ಅಲ್ಲಿವರೆಗೆ ಹುಡುಗರು ಅಸಂಘಟಿತ ಕಾರ್ಮಿಕರ ನೋಂದಣಿಗೆಂದು ಇರುವ ಕೇಂದ್ರದ ಇ-ಶ್ರಮ್ ಪೋರ್ಟಲ್‌ನಲ್ಲಾದರೂ ಹೆಸರು ಹಾಕಿಸಿಕೊಳ್ಳಲಿ.

- ಓರ್ವ ಓದುಗ, ಹೊಸಂಗಡಿ, ಕಾಸರಗೋಡು ಜಿಲ್ಲೆ