ಮಗಳಿಗೊಂದು ಪತ್ರ: ಕಬ್ಬಿನ ದ್ವೀಪದ ಲೆಕ್ಕ

ಚಿ. ಚೈತ್ರಾಳಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ನಿನ್ನ ಕಚೇರಿಯವರು ನಿನ್ನನ್ನು ಮಾರಿಷಸ್‌ಗೆ ಕಳುಹಿಸುವ ಸುದ್ದಿ ತಿಳಿದಾಗಿನಿಂದ ನಿನ್ನ ಅಮ್ಮನಿಗೆ ಅಲ್ಲಿ ಸಿಗುವ ಅಕ್ಕಿ ಎಂಥದೆಂಬುದೇ ಚಿಂತೆ. ನನಗೆ ಮಾತ್ರ ನೀನು ಮೊನ್ನೆ ಫೋನಿನಲ್ಲಿ ಕೇಳಿದ ಪ್ರಶ್ನೆ ತಲೆಯಲ್ಲಿ ಕುಳಿತಿದೆ. ಕಬ್ಬು ಬಿಟ್ಟರೆ ಬೇರೇನೂ ಇಲ್ಲದಿದ್ದ ಒಂದು ದ್ವೀಪ, ಸ್ವಾತಂತ್ರ್ಯ ಬಂದ ಒಂದು ತಲೆಮಾರಿನೊಳಗೆ ಅಷ್ಟು ಅನುಕೂಲಸ್ಥ ದೇಶ ಆದದ್ದು ಹೇಗೆ ಎಂದು ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವನು, ಅದರ ಮೇಲೆ ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ಬೆಳೆದವನು, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೋ.

ಆ ದೇಶದ ಒಟ್ಟು ವಿಸ್ತೀರ್ಣ ಸುಮಾರು 2,040 ಚದರ ಕಿಲೋಮೀಟರ್, ಅಂದರೆ ನಮ್ಮ ಕೊಡಗು ಜಿಲ್ಲೆಯ ಅರ್ಧದಷ್ಟು. ಅಲ್ಲಿ ಮೂಲನಿವಾಸಿಗಳೆಂದು ಯಾರೂ ಇರಲಿಲ್ಲ. ಡಚ್ಚರು ಬಂದು ಬಿಟ್ಟುಹೋದ ದ್ವೀಪದಲ್ಲಿ ಫ್ರೆಂಚರು ನೆಲೆಯೂರಿ ಆಫ್ರಿಕಾದಿಂದ, ಮಡಗಾಸ್ಕರ್‌ನಿಂದ ಗುಲಾಮರನ್ನು ತಂದರು. 1810ರಲ್ಲಿ ದ್ವೀಪವನ್ನು ಗೆದ್ದ ಬ್ರಿಟಿಷರು, ಗುಲಾಮಗಿರಿ ರದ್ದಾದಾಗ ಕಬ್ಬಿನ ತೋಟಗಳಿಗೆ ಆಳುಗಳು ಬೇಕೆಂದು 1834ರಿಂದ ಮುಂದಕ್ಕೆ ಸುಮಾರು ನಾಲ್ಕೂವರೆ ಲಕ್ಷ ಭಾರತೀಯರನ್ನು ಕರಾರು ಕೂಲಿಗಳಾಗಿ ಹಡಗಿನಲ್ಲಿ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಬಿಹಾರದ ಕಡೆಯವರು. ತಮಿಳರು, ತೆಲುಗರು, ಮರಾಠಿಗರೂ ಇದ್ದರು. ಅವರು ಇಳಿದ ಜಾಗವಾದ ಆಪ್ರವಾಸಿ ಘಾಟ್ ರಾಜಧಾನಿ ಪೋರ್ಟ್ ಲೂಯಿಸ್‌ನ ಬಂದರಿನಲ್ಲೇ ಇದೆ, ನೋಡಿ ಬಾ. ಆದರೆ ಅದಕ್ಕಿಂತ ಹೆಚ್ಚಿನದನ್ನು ಹೇಳುವುದು ಅಲ್ಲಿನ ಕಬ್ಬಿನ ಗದ್ದೆಗಳು. ಅದು ಜ್ವಾಲಾಮುಖಿಯಿಂದ ಹುಟ್ಟಿದ ನೆಲವಾದ್ದರಿಂದ ಮಣ್ಣಿನ ತುಂಬ ಕಪ್ಪು ಬಂಡೆಗಲ್ಲುಗಳಿದ್ದವು. ಅವನ್ನು ಕೈಯಿಂದ ಆಯ್ದು, ಹೊತ್ತು, ಗದ್ದೆಯ ನಡುವೆ ಒಟ್ಟಿದ ಗುಡ್ಡೆಗಳು ಈಗಲೂ ಅಲ್ಲಲ್ಲಿ ನಿಂತಿವೆ, ಕೆಲವು ಮನೆಯೆತ್ತರ ಇವೆ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಆ ದೇಶದ ಬಗ್ಗೆ ಬಲ್ಲವರಿಗೆ ಯಾವ ಭರವಸೆಯೂ ಇರಲಿಲ್ಲ. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ 1961ರಲ್ಲಿ ಅಧ್ಯಯನ ಮಾಡಿ, ಅಲ್ಲಿ ಶಾಂತಿಯುತ ಅಭಿವೃದ್ಧಿಯ ಸಾಧ್ಯತೆ ಕಡಿಮೆ ಎಂಬ ತೀರ್ಮಾನಕ್ಕೆ ಬಂದರು. ಅವರ ಲೆಕ್ಕ ಸರಿಯಾಗಿಯೇ ಇತ್ತು. ಮಲೇರಿಯಾ ನಿರ್ಮೂಲನವಾಗಿ ಸಾವು ಕಡಿಮೆಯಾಗಿತ್ತು, ಜನಸಂಖ್ಯೆ ವರ್ಷಕ್ಕೆ ಶೇ 3ರಷ್ಟು ಏರುತ್ತಿತ್ತು, ರಫ್ತಿನಲ್ಲಿ ಶೇ 90ಕ್ಕೂ ಹೆಚ್ಚು ಭಾಗ ಸಕ್ಕರೆಯೇ ಆಗಿತ್ತು, ಮತ್ತು 1960ರಲ್ಲಿ ಎರಡು ಚಂಡಮಾರುತಗಳು ಬೆನ್ನುಬೆನ್ನಿಗೆ ಬಂದು ಆ ಒಂದು ಬೆಳೆಯನ್ನೂ ನೆಲಕ್ಕೆ ಕೆಡವಿದ್ದವು. ಜನರಲ್ಲೂ ಒಮ್ಮತವಿರಲಿಲ್ಲ. 1967ರ ಚುನಾವಣೆಯಲ್ಲಿ ಸುಮಾರು ಶೇ 44ರಷ್ಟು ಮತ ಸ್ವಾತಂತ್ರ್ಯ ಬೇಡವೆನ್ನುತ್ತಿದ್ದ ಪಕ್ಷಕ್ಕೆ ಬಿದ್ದಿತು. ಮರುವರ್ಷ ಜನವರಿಯಲ್ಲಿ ಪೋರ್ಟ್ ಲೂಯಿಸ್‌ನಲ್ಲಿ ಕೋಮುಗಲಭೆಯಾಗಿ ಬ್ರಿಟಿಷ್ ಸೇನೆಯನ್ನು ಕರೆಸಬೇಕಾಯಿತು. ಅಂಥ ಸ್ಥಿತಿಯಲ್ಲಿ 1968ರ ಮಾರ್ಚ್ 12ರಂದು ಶಿವಸಾಗರ ರಾಮಗೂಲಾಮ್ ಅವರ ನೇತೃತ್ವದಲ್ಲಿ ದೇಶ ಸ್ವತಂತ್ರವಾಯಿತು.

ಆಗ ಅವರು ಏನು ಮಾಡಿದರು ಎಂಬುದಕ್ಕಿಂತ ಏನು ಮಾಡಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಮತಗಳು ಕೂಲಿಗಳ ಮೊಮ್ಮಕ್ಕಳ ಕೈಯಲ್ಲಿದ್ದವು, ದೊಡ್ಡ ತೋಟಗಳು ಮತ್ತು ಕಾರ್ಖಾನೆಗಳು ಫ್ರೆಂಚ್ ಮೂಲದ ಕೆಲವೇ ಕುಟುಂಬಗಳ ಕೈಯಲ್ಲಿದ್ದವು. ಅದೇ ಕಾಲದಲ್ಲಿ ಸ್ವತಂತ್ರವಾದ ಎಷ್ಟೋ ದೇಶಗಳು ಇಂಥ ಆಸ್ತಿಯನ್ನು ರಾಷ್ಟ್ರೀಕರಣ ಮಾಡಿದವು; ಮಾರಿಷಸ್ ಆ ದಾರಿ ಹಿಡಿಯಲಿಲ್ಲ. ಅದರ ಬದಲು ಸಕ್ಕರೆ ರಫ್ತಿನ ಮೇಲೆ ತೆರಿಗೆ ಹಾಕಿತು, ಅದರ ಭಾರ ದೊಡ್ಡವರ ಮೇಲೆ ಹೆಚ್ಚು ಬೀಳುವಂತೆ ನೋಡಿಕೊಂಡಿತು. ಸ್ವಾತಂತ್ರ್ಯ ಬೇಡವೆಂದಿದ್ದ ಪಕ್ಷವನ್ನೇ 1969ರಲ್ಲಿ ಸರ್ಕಾರದೊಳಕ್ಕೆ ಸೇರಿಸಿಕೊಂಡು, ಅದರ ನಾಯಕ ಗಾಯ್ಟಾನ್ ದುವಾಲ್ ಅವರನ್ನು ವಿದೇಶಾಂಗ ಮಂತ್ರಿ ಮಾಡಿತು. ಇದನ್ನು ಔದಾರ್ಯವೆಂದು ನಾನು ಓದುವುದಿಲ್ಲ. ಬಂಡವಾಳ ಹೊತ್ತವರು ಹಡಗು ಹತ್ತಿ ಹೊರಟರೆ ಕಾರ್ಖಾನೆ ನಡೆಸುವವರು ಯಾರು ಎಂಬ ವ್ಯವಹಾರಜ್ಞಾನ ಅದು. ಆದರೆ ಅದರ ಬೆಲೆಯೂ ಇದೆ: ಅಂದು ಒಡೆಯರಾಗಿದ್ದ ಮನೆತನಗಳಲ್ಲಿ ಕೆಲವು ಇಂದಿಗೂ ಅಲ್ಲಿನ ದೊಡ್ಡ ಕಂಪನಿಗಳ ಹಿಂದೆ ಇವೆ.

ಇನ್ನು ನನಗೆ ಅತ್ಯಂತ ಪ್ರಿಯವಾದ ಭಾಗ. 1974ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಸಕ್ಕರೆಯ ಬೆಲೆ ಹಿಂದೆಂದೂ ಕಾಣದಷ್ಟು ಏರಿತು. ಅದೇ ಹೊತ್ತಿಗೆ ಯುರೋಪಿನ ಸಮುದಾಯ ತನ್ನ ಹಳೆಯ ವಸಾಹತುಗಳ ಜೊತೆ ಒಪ್ಪಂದ ಮಾಡಿಕೊಳ್ಳುತ್ತಿತ್ತು: ವರ್ಷಕ್ಕೆ ಇಂತಿಷ್ಟು ಸಕ್ಕರೆಯನ್ನು ನಿಗದಿತ ಬೆಲೆಗೆ, ಅವಧಿಯ ಮಿತಿಯಿಲ್ಲದೆ ಕೊಳ್ಳುತ್ತೇವೆ ಎಂದು. ಹೊರಗೆ ಬೆಲೆ ಗಗನದಲ್ಲಿದ್ದಾಗ ನಿಗದಿತ ಬೆಲೆಗೆ ಕಟ್ಟಿಬೀಳುವುದು ಬೇರೆ ಕೆಲವು ದೇಶಗಳಿಗೆ ದಡ್ಡತನವಾಗಿ ಕಂಡಿತು. ಮಾರಿಷಸ್ ಮಾತ್ರ ಎಷ್ಟು ಸಾಧ್ಯವೋ ಅಷ್ಟು ಕೋಟಾ ಕೇಳಿತು. 1975ರ ಲೋಮೆ ಒಪ್ಪಂದದ ಸಕ್ಕರೆ ಕರಾರಿನಲ್ಲಿ ಒಟ್ಟು ಸುಮಾರು 13 ಲಕ್ಷ ಟನ್ನಿನಲ್ಲಿ ಅದರ ಪಾಲು 5 ಲಕ್ಷ ಟನ್ನಿನ ಹತ್ತಿರವಿತ್ತು. ಅಷ್ಟು ದೊಡ್ಡ ಪಾಲು ಮತ್ತಾವ ದೇಶಕ್ಕೂ ಇರಲಿಲ್ಲ. ಸ್ವಲ್ಪ ಕಾಲದಲ್ಲೇ ಹೊರಗಿನ ಬೆಲೆ ಕುಸಿಯಿತು, ಯುರೋಪಿನ ಬೆಲೆ ನಿಂತಲ್ಲೇ ನಿಂತಿತು. ಮುಂದಿನ ಮೂರು ದಶಕಗಳಲ್ಲಿ ಬಹುಪಾಲು ವರ್ಷ ಮಾರಿಷಸ್‌ಗೆ ಪೇಟೆಯ ಬೆಲೆಗಿಂತ ಎಷ್ಟೋ ಹೆಚ್ಚು ಸಿಕ್ಕಿತು. ಈ ವರ್ಷ ಬೆಲ್ಲಕ್ಕೆ ಬೆಲೆ ಬಂತೆಂದು ಆಲೆಮನೆಗೆ ಕಬ್ಬು ತಿರುಗಿಸಿ, ಮುಂದಿನ ವರ್ಷ ಕಾರ್ಖಾನೆಯ ಗೇಟಿನಲ್ಲಿ ಸಾಲು ನಿಲ್ಲುವ ಕಷ್ಟ ನಮ್ಮ ಕಡೆಯವರಿಗೆ ಗೊತ್ತಿರುವುದರಿಂದ, ಆ ಅಧಿಕಾರಿಗಳ ತಾಳ್ಮೆಯನ್ನು ನಾನು ಸುಲಭವಾಗಿ ಮೆಚ್ಚಬಲ್ಲೆ.

ಆ ಹೆಚ್ಚುವರಿ ಹಣ ಎಲ್ಲಿ ಹೋಯಿತು ಎಂಬುದರಲ್ಲಿ ನಿನ್ನ ಪ್ರಶ್ನೆಗೆ ಉತ್ತರವಿದೆ. ಒಂದು ಪಾಲು ತೆರಿಗೆಯಾಗಿ ಸರ್ಕಾರಕ್ಕೆ ಹೋಗಿ ಉಚಿತ ಆಸ್ಪತ್ರೆ, ಅಕ್ಕಿ ಮತ್ತು ಹಿಟ್ಟಿನ ಸಬ್ಸಿಡಿ, 1977ರಿಂದ ಉಚಿತ ಪ್ರೌಢಶಿಕ್ಷಣ ಆಯಿತು. ಇನ್ನೊಂದು ಪಾಲು ತೋಟದ ಒಡೆಯರ ಬಳಿಯೇ ಉಳಿಯಿತು, ಮತ್ತು ಅವರು ಅದನ್ನು ಬಟ್ಟೆ ಕಾರ್ಖಾನೆಗಳಲ್ಲಿ, ಹೋಟೆಲುಗಳಲ್ಲಿ ತೊಡಗಿಸಿದರು. ಅದಕ್ಕೆ ಬೇಕಾದ ಕಾನೂನು 1970ರಲ್ಲೇ ಸಿದ್ಧವಾಗಿತ್ತು. ಅದು ರಫ್ತು ಸಂಸ್ಕರಣಾ ವಲಯದ ಕಾಯಿದೆ. ತೈವಾನಿನ ಮಾದರಿಯನ್ನು ಕಂಡುಬಂದು ಅದಕ್ಕಾಗಿ ಒತ್ತಾಯಿಸಿದವರು ಎಡ್ವರ್ಡ್ ಲಿಮ್ ಫಾಟ್ ಎಂಬ ಪ್ರಾಧ್ಯಾಪಕರು. ವಲಯವೆಂದರೆ ಬೇಲಿ ಹಾಕಿದ ಒಂದು ಜಾಗ ಎಂದುಕೊಳ್ಳಬೇಡ. ಇಡೀ ದ್ವೀಪದಲ್ಲಿ ಯಾವ ಹಳ್ಳಿಯಲ್ಲಿ ಕಾರ್ಖಾನೆ ತೆರೆದರೂ, ರಫ್ತು ಮಾಡುವುದಾದರೆ ಸುಂಕವಿಲ್ಲದೆ ಕಚ್ಚಾಮಾಲು ತರಿಸಬಹುದಿತ್ತು, ಕೆಲವು ವರ್ಷ ತೆರಿಗೆಯ ರಿಯಾಯಿತಿಯೂ ಇತ್ತು. ಒಳನಾಡಿನ ಮಾರುಕಟ್ಟೆಗೆ ಮಾಡುವವರಿಗೆ ಹಳೆಯ ಸುಂಕದ ರಕ್ಷಣೆ ಹಾಗೆಯೇ ಮುಂದುವರಿಯಿತು. ಪುಸ್ತಕದ ಪ್ರಕಾರ ಈ ಎರಡೂ ಕೂಡಿ ಬಾಳಬಾರದು, ಅಲ್ಲಿ ಬಾಳಿದವು.

ಹಾಂಗ್‌ಕಾಂಗ್‌ನ ಕಂಪನಿಗಳು ಮೊದಲು ಬಂದದ್ದು ಪ್ರೀತಿಯಿಂದೇನಲ್ಲ. ಶ್ರೀಮಂತ ದೇಶಗಳು ಹಾಂಗ್‌ಕಾಂಗ್‌ನ ಬಟ್ಟೆಗೆ ಮಿತಿ ಹಾಕಿದ್ದವು, ಮಾರಿಷಸ್‌ನ ಬಟ್ಟೆಗೆ ಯುರೋಪಿನ ಬಾಗಿಲು ತೆರೆದಿತ್ತು. ಹೀಗಾಗಿ ಉಣ್ಣೆಯ ಕುರಿಸಾಕಣೆ ಇಲ್ಲದ ಆ ಬೆಚ್ಚನೆಯ ದ್ವೀಪ ಉಣ್ಣೆಯ ಸ್ವೆಟರ್ ಹೆಣೆದು ಕಳುಹಿಸುವುದರಲ್ಲಿ ಜಗತ್ತಿನ ಮುಂಚೂಣಿಗೆ ಬಂತು. ಯಂತ್ರದ ಮುಂದೆ ಕುಳಿತವರಲ್ಲಿ ಬಹುಪಾಲು ಹೆಂಗಸರು. ಮನೆಯಿಂದ ಹೊರಗೆ ದುಡಿಯಲು ಹೋಗಿರದ ಹಳ್ಳಿಯ ಹುಡುಗಿಯರು ಬೆಳಗಿನ ಕಂಪನಿ ಬಸ್ಸು ಹಿಡಿದು ಹೋಗತೊಡಗಿದರು. ಅವರಿಗೆ ಗಂಡಸರಿಗಿಂತ ಕಡಿಮೆ ಕೂಲಿ, ಹೆಚ್ಚುವರಿ ದುಡಿಮೆಯ ಒತ್ತಾಯ, ಕೆಲಸದ ಭದ್ರತೆಯೂ ಸಡಿಲ. ಈ ದೇಶದ ಏಳಿಗೆಯನ್ನು ಪವಾಡವೆಂದು ಬರೆಯುವವರು ಈ ಸಾಲನ್ನು ಬೇಗ ದಾಟಿಬಿಡುತ್ತಾರೆ. ಆದರೆ ತಿಂಗಳ ಸಂಬಳ ಅವರದೇ ಕೈಗೆ ಬಂದದ್ದೂ, ಮದುವೆಯ ವಯಸ್ಸು ಏರಿದ್ದೂ, ಮಕ್ಕಳ ಸಂಖ್ಯೆ ಇಳಿದದ್ದೂ ಅಷ್ಟೇ ನಿಜ.

ದಾರಿ ನೇರವಾಗಿಯೇನೂ ಇರಲಿಲ್ಲ. ಸಕ್ಕರೆಯ ಸುಗ್ಗಿಯಲ್ಲಿ ಸರ್ಕಾರ ಖರ್ಚನ್ನು ಏರಿಸಿಕೊಂಡಿತ್ತು. ಸುಗ್ಗಿ ಮುಗಿದು ತೈಲದ ಬೆಲೆ ಏರಿದಾಗ ಬೊಕ್ಕಸ ಬರಿದಾಯಿತು. 1979ರಲ್ಲಿ ಮತ್ತು 1981ರಲ್ಲಿ ಮಾರಿಷಸ್ ರೂಪಾಯಿಯನ್ನು ಅಪಮೌಲ್ಯಗೊಳಿಸಿ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಕೈಚಾಚಬೇಕಾಯಿತು. ಕೋಪಗೊಂಡ ಜನ 1982ರಲ್ಲಿ ಎಡಪಂಥೀಯ ಮೈತ್ರಿಕೂಟಕ್ಕೆ ನೇರ ಚುನಾವಣೆಯ ಅಷ್ಟೂ 60 ಸ್ಥಾನಗಳನ್ನು ಕೊಟ್ಟರು. ಅನಿರುದ್ಧ ಜಗನ್ನಾಥ್ ಪ್ರಧಾನಿಯಾದರು. ಮುಷ್ಕರಗಳ ಮುಂದಾಳಾಗಿ ಜೈಲು ಕಂಡಿದ್ದ ಪಾಲ್ ಬೆರಾಂಜೆ ಹಣಕಾಸು ಮಂತ್ರಿಯಾದರು, ಆಗಿ ನಿಧಿಯ ಜೊತೆಗಿನ ಕಟ್ಟುನಿಟ್ಟಿನ ಕಾರ್ಯಕ್ರಮವನ್ನೇ ಮುಂದುವರಿಸಿದರು. ಮೈತ್ರಿ ಮರುವರ್ಷವೇ ಒಡೆಯಿತು, ಆರ್ಥಿಕ ನೀತಿ ಒಡೆಯಲಿಲ್ಲ. ಆ ದಶಕ ಮುಗಿಯುವ ಹೊತ್ತಿಗೆ ವಲಯದ ಕಾರ್ಖಾನೆಗಳಲ್ಲಿ ಸುಮಾರು 90 ಸಾವಿರ ಜನ ದುಡಿಯುತ್ತಿದ್ದರು, ಶೇ 20ರ ಆಸುಪಾಸಿನಲ್ಲಿದ್ದ ನಿರುದ್ಯೋಗ ಶೇ 3ರ ಹತ್ತಿರಕ್ಕೆ ಇಳಿದಿತ್ತು.

ನಿನ್ನ ಕಚೇರಿಯ ಕೆಲಸ ಶುರುವಾಗುವುದು ಇಲ್ಲಿಂದ ಮುಂದೆ. ಭಾರತದ ಜೊತೆ ಅವರು ಮಾಡಿಕೊಂಡ, 1983ರಲ್ಲಿ ಜಾರಿಗೆ ಬಂದ ದ್ವಿತೆರಿಗೆ ತಡೆ ಒಪ್ಪಂದದ (ಒಂದೇ ಆದಾಯಕ್ಕೆ ಎರಡೂ ದೇಶಗಳಲ್ಲಿ ತೆರಿಗೆ ಬೀಳದಂತೆ ನೋಡಿಕೊಳ್ಳುವ ಒಪ್ಪಂದ) ಆಸರೆಯಲ್ಲಿ, 1990ರ ದಶಕದಿಂದ ಭಾರತಕ್ಕೆ ಬರುವ ವಿದೇಶಿ ಬಂಡವಾಳದ ದೊಡ್ಡ ಪಾಲು ಕಾಗದದ ಮೇಲೆ ಮಾರಿಷಸ್‌ನಿಂದಲೇ ಬರತೊಡಗಿತು. ಅದರಲ್ಲಿ ನಿಜವಾದ ಹೂಡಿಕೆ ಎಷ್ಟು, ಭಾರತದ ಹಣವೇ ಸುತ್ತಿ ಬಂದದ್ದೆಷ್ಟು ಎಂಬ ಜಗಳ ನಮ್ಮ ನ್ಯಾಯಾಲಯಗಳವರೆಗೂ ಹೋಯಿತು. 2016ರ ತಿದ್ದುಪಡಿಯ ನಂತರ, 2017ರ ಏಪ್ರಿಲ್ 1ರಿಂದ ಈಚೆಗೆ ಕೊಂಡ ಷೇರುಗಳ ಲಾಭಕ್ಕೆ ತೆರಿಗೆ ಹಾಕುವ ಹಕ್ಕು ಭಾರತಕ್ಕೆ ಬಂದಿದೆ. ಇದನ್ನೆಲ್ಲ ನೀನೇ ನನಗೆ ಪಾಠ ಹೇಳಬಲ್ಲೆ.

ಯುರೋಪಿನ ಸವಲತ್ತೂ ಶಾಶ್ವತವಾಗಿರಲಿಲ್ಲ. 2005ರ ಆರಂಭದಲ್ಲಿ ಬಟ್ಟೆಯ ಕೋಟಾ ಪದ್ಧತಿ ಕೊನೆಗೊಂಡು ಚೀನಾದ ಸರಕು ನುಗ್ಗಿತು, ಸಾವಿರಾರು ಹೆಂಗಸರು ಕೆಲಸ ಕಳೆದುಕೊಂಡರು. ಮರುವರ್ಷದಿಂದ ಯುರೋಪು ಸಕ್ಕರೆಯ ಬೆಲೆಯನ್ನು ಹಂತಹಂತವಾಗಿ ಶೇ 36ರಷ್ಟು ಇಳಿಸಿತು. ಅಷ್ಟರಲ್ಲಿ ಕಾರ್ಖಾನೆಗಳನ್ನು ಒಂದರೊಳಗೊಂದು ಸೇರಿಸುವ ಕೆಲಸ ನಡೆದಿತ್ತು. ಸ್ವಾತಂತ್ರ್ಯದ ಕಾಲದಲ್ಲಿ ಇಪ್ಪತ್ತರಷ್ಟಿದ್ದ ಅವು ಈಗ ಬೆರಳೆಣಿಕೆಯಷ್ಟಿವೆ. ಉಳಿದವು ಸಕ್ಕರೆಯನ್ನಷ್ಟೇ ನಂಬಿಕೊಂಡಿಲ್ಲ. ನುರಿಸಿದ ಕಬ್ಬಿನ ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ, ಆ ಹಬೆಯಿಂದ ಕಾರ್ಖಾನೆಯನ್ನೂ ನಡೆಸಿ, ಮಿಕ್ಕ ವಿದ್ಯುತ್ತನ್ನು ಸರ್ಕಾರದ ಗ್ರಿಡ್ಡಿಗೆ ಮಾರುತ್ತವೆ. ಹಂಗಾಮು ಇಲ್ಲದ ತಿಂಗಳುಗಳಲ್ಲಿ ಅದೇ ಬಾಯ್ಲರಿಗೆ ಕಲ್ಲಿದ್ದಲು ಬೀಳುತ್ತದೆ ಎಂಬುದನ್ನು ಹಸಿರು ಇಂಧನದ ಭಾಷಣಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ಬಟ್ಟೆ ಕಾರ್ಖಾನೆಗಳಲ್ಲಿ ಈಗ ಬಾಂಗ್ಲಾದೇಶದಿಂದ, ಮಡಗಾಸ್ಕರ್‌ನಿಂದ, ನಮ್ಮ ದೇಶದಿಂದಲೂ ಕರಾರಿನ ಮೇಲೆ ಬಂದ ಕೆಲಸಗಾರರಿದ್ದಾರೆ. ಕಬ್ಬಿನ ಗದ್ದೆಗಳಲ್ಲಿ ಕೆಲವು ಬೀಳು ಬಿದ್ದಿವೆ, ಕೆಲವು ವಿದೇಶೀಯರಿಗೆ ಮಾರುವ ಬಂಗಲೆಗಳಾಗಿವೆ.

ಏಳಿಗೆ ಎಲ್ಲರ ಮನೆಗೂ ಸಮನಾಗಿ ಹೋಗಲಿಲ್ಲ ಎಂಬುದೂ ನಿನಗೆ ತಿಳಿದಿರಲಿ. ಗುಲಾಮರ ವಂಶದವರಾದ ಕ್ರಿಯೋಲ್ ಸಮುದಾಯದ ಅಸಮಾಧಾನ, 1999ರಲ್ಲಿ ಕಾಯಾ ಎಂಬ ಗಾಯಕ ಪೊಲೀಸ್ ವಶದಲ್ಲಿ ಸತ್ತಾಗ, ಬೀದಿಯಲ್ಲಿ ಸ್ಫೋಟಿಸಿತು. ಸ್ವಾತಂತ್ರ್ಯಕ್ಕೆ ಮುಂಚೆ, 1965ರಲ್ಲಿ ಬ್ರಿಟನ್ 30 ಲಕ್ಷ ಪೌಂಡ್ ಕೊಟ್ಟು ಮಾರಿಷಸ್‌ನಿಂದ ಬೇರ್ಪಡಿಸಿದ ಛಾಗೋಸ್ ದ್ವೀಪಗಳ ಜನರನ್ನು ಅವರ ಮನೆಗಳಿಂದ ಎಬ್ಬಿಸಿ ತಂದು ಇಳಿಸಿದ್ದೂ ಹೆಚ್ಚಾಗಿ ಪೋರ್ಟ್ ಲೂಯಿಸ್‌ನ ಬಡ ಕೇರಿಗಳಲ್ಲೇ. ಊರು ನೋಡಲು ಹೊರಟರೆ ಸಮುದ್ರದಂಡೆಯ ಹೋಟೆಲುಗಳ ಜೊತೆ ಆ ಕೇರಿಗಳ ಕಡೆಗೂ ಒಮ್ಮೆ ಹೋಗು.

ಅಲ್ಲಿ ಕಬ್ಬಿನ ಕಟಾವು ಜೂನ್‌ನಿಂದ ಡಿಸೆಂಬರ್‌ವರೆಗೆ ನಡೆಯುತ್ತದೆ. ಬಿಡುವಾದ ಒಂದು ಭಾನುವಾರ ದ್ವೀಪದ ಪೂರ್ವಕ್ಕಿರುವ ಫ್ಲಾಕ್ ಕಡೆಗೆ ಹೋಗಿ ಸಣ್ಣ ಹಿಡುವಳಿಯ ಬೆಳೆಗಾರರನ್ನು ಮಾತನಾಡಿಸು. ಹಳಬರಲ್ಲಿ ಭೋಜಪುರಿ ಬಲ್ಲವರಿದ್ದಾರೆ. ನಿನ್ನ ಹಿಂದಿಯಲ್ಲಿ ಹೇಗೋ ನಿಭಾಯಿಸಬಹುದು. ಸಿಪ್ಪೆಯಿಂದ ಬರುವ ವಿದ್ಯುತ್ತಿನ ಹಣದಲ್ಲಿ ತಮಗೆ ಸಿಗುವ ಪಾಲು ಸಾಲದೆಂಬುದು ಅವರ ಬಹುಕಾಲದ ದೂರು. ಈಗ ಟನ್ನಿಗೆ ಎಷ್ಟು ಕೊಡುತ್ತಾರೆ, ಕಡಿದ ಬುಡದಿಂದ ಮತ್ತೆ ಚಿಗುರುವ ಕೂಳೆ ಬೆಳೆಯನ್ನು ಎಷ್ಟು ವರ್ಷ ಉಳಿಸಿಕೊಳ್ಳುತ್ತಾರೆ, ಕಟಾವಿಗೆ ಆಳುಗಳು ಎಲ್ಲಿಂದ ಬರುತ್ತಾರೆ ಎಂಬುದನ್ನೆಲ್ಲ ವಿಚಾರಿಸಿ ವಿವರವಾಗಿ ಬರೆ. ಅಕ್ಕಿಯ ವಿಷಯ ಅಮ್ಮನಿಗೆ ಬೇರೆ ಬರೆದರೆ ಸಾಕು.

ಇಂತಿ,
ನಿನ್ನ ಅಪ್ಪ