ಉದ್ದ ತೋಳಿನ ರವಿಕೆ

ಸೋಮವಾರಪೇಟೆ
ಜನವರಿ, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಮೊನ್ನೆ ಕಣದಿಂದ ಯಾರೋ ಕರೆಯುತ್ತಿದ್ದಾರೆ ಎಂದು ಹೇಳಿ ಫೋನ್ ಇಟ್ಟೆನಲ್ಲ, ಯಾರೂ ಕರೆದಿರಲಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಹೊಳೆಯದೆ ಹಾಗೆ ಮಾಡಿದೆ. "ಅಮ್ಮ, ತೂಕ ಇಳಿದ ಮೇಲೆ ನನ್ನ ತೋಳೂ ನಿನ್ನ ತೋಳಿನ ಹಾಗೆಯೇ ಜೋಲುತ್ತದೆಯೇ?" ಎಂದು ಕೇಳಿದೆ. ನನ್ನ ತೋಳನ್ನು ನೀನು ನೋಡಿದ್ದೀಯ ಎಂಬುದೇ ನನಗೆ ಗೊತ್ತಿರಲಿಲ್ಲ. ಏಳು ವರ್ಷದಿಂದ ಬೇಸಗೆಯಲ್ಲೂ ಮೊಣಕೈ ದಾಟುವ ರವಿಕೆ ತೊಟ್ಟು ಓಡಾಡುತ್ತಿದ್ದೇನೆ. ಊರಿನವರು ಅದನ್ನು ಹಳೆಯ ಕಾಲದ ಗಾಂಭೀರ್ಯವೆಂದು ತಿಳಿದಿದ್ದಾರೆ. ತಿಳಿದುಕೊಂಡಿರಲಿ.

ಉತ್ತರ ಇದು: ಸ್ವಲ್ಪ ಜೋಲುತ್ತದೆ. ನನ್ನಷ್ಟು ಜೋಲಬೇಕೆಂದೇನೂ ಇಲ್ಲ. ಈ ಎರಡು ಮಾತುಗಳ ನಡುವಿನ ಅಂತರದಲ್ಲಿ ನಾನು ಮಾಡಿದ ತಪ್ಪುಗಳಿವೆ. ಅವುಗಳನ್ನು ಫೋನಿನಲ್ಲಿ ಹೇಳಿದರೆ ನಡುವೆ ನೀನು "ಇರಲಿ ಬಿಡಮ್ಮ" ಎನ್ನುತ್ತೀಯ, ಅದಕ್ಕೇ ಕಾಗದ ಹಿಡಿದು ಕುಳಿತಿದ್ದೇನೆ.

ನಲವತ್ತಾರನೆಯ ವಯಸ್ಸಿನಲ್ಲಿ ನಾನು 104 ಕಿಲೋ ಇದ್ದೆ. ನಿನಗೆ ಹೆಸರಿಡುವ ಹೊತ್ತಿನಿಂದಲೇ ಏರತೊಡಗಿದ ತೂಕ ಅದು. ಸಕ್ಕರೆ ಅಂಚಿನಲ್ಲಿದೆ, ಮಂಡಿ ಸವೆಯುತ್ತಿದೆ ಎಂದು ಡಾಕ್ಟರು ಹೇಳಿದ್ದು ನಿಜ. ಆದರೆ ಆರು ತಿಂಗಳಲ್ಲಿ 36 ಕಿಲೋ ಇಳಿಸು ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ, ಅದು ನನ್ನದೇ ಹಟ. ಬೆಳಿಗ್ಗೆ ಯಾರೋ ಮಾರಿದ ಡಬ್ಬಿಯ ಪುಡಿ, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಗಂಜಿಯ ತಿಳಿ. ನಿಮ್ಮಪ್ಪ ಎದುರಿಗೆ ಕುಳಿತು ಕಡುಬು ಮುರಿಯುತ್ತಿದ್ದರೆ ನಾನು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದೆ. ನಾಲ್ಕನೆಯ ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಬಂತು. ಮೆಣಸು ಕೊಯ್ಯುವವರಿಗೆ ಏಣಿ ಹಿಡಿದು ನಿಂತಿದ್ದವಳು ಕಣ್ಣು ಕತ್ತಲಿಟ್ಟು ಕುಸಿದೆ. ಕೊನೆಗೆ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು. ತೂಕವನ್ನು ತೀರಾ ವೇಗವಾಗಿ ಇಳಿಸಿದವರಲ್ಲಿ ಕಲ್ಲು ಕಾಣಿಸಿಕೊಳ್ಳುವುದು ಅಪರೂಪವಲ್ಲವಂತೆ. ಇಷ್ಟೆಲ್ಲ ಆಗುತ್ತಿದ್ದಾಗ ಊರಿನವರು ನನ್ನನ್ನು ಹೊಗಳುತ್ತಲೇ ಇದ್ದರು. ನನಗೆ ಅತಿ ಹೆಚ್ಚು ಕೆಡುಕು ಮಾಡಿದ್ದು ಆ ಹೊಗಳಿಕೆಯೇ ಇರಬೇಕು.

ಈಗ ಅಂಗಳದಲ್ಲಿ ಕಾಫಿ ಹಣ್ಣು ಒಣಗುತ್ತಿದೆ. ಒಣಗಿತೋ ಇಲ್ಲವೋ ಎಂದು ನಾವು ಹೇಗೆ ನೋಡುತ್ತೇವೆಂದು ನಿನಗೆ ಗೊತ್ತು: ಒಂದು ಹಿಡಿ ತೆಗೆದು ಕಿವಿಯ ಬಳಿ ಕುಲುಕುತ್ತೇವೆ. ಒಳಗೆ ಬೀಜ ಗಲಗಲ ಎಂದರೆ ಒಣಗಿದೆ, ಸಿಪ್ಪೆಯೇ ಬೇರೆ, ಬೀಜವೇ ಬೇರೆ. 68 ಕಿಲೋ ಆದ ದಿನ ಸ್ನಾನದ ಮನೆಯಲ್ಲಿ ನನ್ನನ್ನು ನೋಡಿಕೊಂಡಾಗ ನನಗೆ ಆ ಕಾಫಿಯೇ ನೆನಪಾಯಿತು. ಕೊಬ್ಬು ಮಾತ್ರ ಹೋಗಿದ್ದರೆ ಹಾಗೆ ಅನ್ನಿಸುತ್ತಿರಲಿಲ್ಲ, ಕೊಬ್ಬಿನ ಜೊತೆ ಸ್ನಾಯುವನ್ನೂ ಕಳೆದುಕೊಂಡಿದ್ದೆ. ಚರ್ಮಕ್ಕೆ ಒಳಗಿನಿಂದ ಆಧಾರ ಕೊಡಬೇಕಾದದ್ದೇ ಇಲ್ಲವಾಗಿತ್ತು.

ಚರ್ಮ ಏಕೆ ಹಿಂದಿರುಗುವುದಿಲ್ಲ ಎನ್ನುವುದನ್ನು ಆಮೇಲೆ ಚರ್ಮದ ಡಾಕ್ಟರೊಬ್ಬರು ಬಿಡಿಸಿ ಹೇಳಿದರು. ಮೇಲ್ಪದರದ ಕೆಳಗಿನ ದಪ್ಪ ಪದರದಲ್ಲಿ ಎರಡು ಬಗೆಯ ನಾರುಗಳಿವೆ. ಕೊಲಾಜೆನ್ ಚರ್ಮಕ್ಕೆ ಗಟ್ಟಿತನ ಕೊಡುತ್ತದೆ. ಎಲಾಸ್ಟಿನ್ ಎಳೆದರೆ ಹಿಗ್ಗಿ, ಬಿಟ್ಟರೆ ಹಿಂದಕ್ಕೆ ಹೋಗುತ್ತದೆ. ಕೊಲಾಜೆನ್ನನ್ನು ದೇಹ ನಿಧಾನವಾಗಿಯಾದರೂ ಹೊಸದಾಗಿ ಮಾಡುತ್ತಲೇ ಇರುತ್ತದೆ. ಎಲಾಸ್ಟಿನ್ ಹಾಗಲ್ಲ, ಅದರ ಬಹುಪಾಲು ಹುಟ್ಟುವ ಮೊದಲು ಮತ್ತು ಬಾಲ್ಯದಲ್ಲೇ ನೇಯ್ದು ಮುಗಿದಿರುತ್ತದೆ, ಅದೇ ಜೀವಮಾನವಿಡೀ ಬಾಳಿಕೆ ಬರಬೇಕು. ವರ್ಷಗಟ್ಟಲೆ ಹಿಗ್ಗಿಯೇ ಇದ್ದರೆ ಆ ನಾರು ಹರಿಯುತ್ತದೆ. ಹಾಗಾಗಿ ಎಷ್ಟು ಕಿಲೋ ಇಳಿಸಿದೆ ಎನ್ನುವುದರಷ್ಟೇ, ಎಷ್ಟು ವರ್ಷ ಆ ತೂಕದಲ್ಲಿದ್ದೆ, ಈಗ ವಯಸ್ಸೆಷ್ಟು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಾನು ಇಪ್ಪತ್ತು ವರ್ಷ ಹೊತ್ತೆ, ನಲವತ್ತಾರಕ್ಕೆ ಇಳಿಸಿದೆ. ನಿನಗೆ ಇಪ್ಪತ್ತೆಂಟು, ತೂಕ ಏರಿದ್ದು ಕೆಲಸಕ್ಕೆ ಸೇರಿದ ಮೇಲೆ. ನಿನ್ನ ಚರ್ಮಕ್ಕೆ ಇನ್ನೂ ನೆನಪಿನ ಶಕ್ತಿ ಇದೆ. ವಂಶದಿಂದ ಬರುವ ಪಾಲೂ ಒಂದಿದೆ, ಅದು ನನ್ನಿಂದ ಬಂತೋ ನಿಮ್ಮಪ್ಪನಿಂದಲೋ ಎಂದು ಈಗ ಜಗಳವಾಡಿ ಪ್ರಯೋಜನವಿಲ್ಲ.

ಇನ್ನು ನಿನ್ನ ಕೈಯಲ್ಲಿರುವ ವಿಷಯ. ಮೂರು ತಿಂಗಳಲ್ಲಿ 11 ಕಿಲೋ ಇಳಿಸಿ 97ಕ್ಕೆ ಬಂದಿದ್ದೀಯ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಎನ್ನುವುದು ಡಾಕ್ಟರುಗಳು ಒಪ್ಪುವ ವೇಗ, ನೀನು ಅದರೊಳಗೇ ಇದ್ದೀಯ. ಏಪ್ರಿಲ್‌ನಲ್ಲಿ ಚಿಕ್ಕಪ್ಪನ ಮಗಳ ಮದುವೆ ಇದೆ ಎಂದು ರಾತ್ರಿಯೂಟ ಬಿಡುವ ಮಾತು ಆಡಿದೆಯಲ್ಲ, ಅದನ್ನು ಕೇಳಿ ನನಗೆ ಎದೆ ಧಸಕ್ಕೆಂದಿತು. ನಿಧಾನವಾಗಿ ಇಳಿಸಿದರೆ ಚರ್ಮ ಪೂರ್ತಿ ಬಿಗಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡ, ಅಂಥ ಭರವಸೆ ಇಲ್ಲ. ಆದರೆ ನಿಧಾನವಾಗಿ ಇಳಿಸಿದರೆ ಸ್ನಾಯು ಹೆಚ್ಚು ಉಳಿಯುತ್ತದೆ, ಅಷ್ಟೇ ಸಾಕು. ಮದುವೆಯಲ್ಲಿ ನೀನು 85 ಇದ್ದರೇನು, 90 ಇದ್ದರೇನು, ಹೆಣ್ಣಿನ ಕಡೆಯವರಿಗೆಲ್ಲ ಬಡಿಸುವ ಕೆಲಸ ಹೇಗೂ ತಪ್ಪುವುದಿಲ್ಲ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ ಎಂದೆ. ಹತ್ತು, ಎದೆಗೂ ಉಸಿರಿಗೂ ಒಳ್ಳೆಯದು. ಆದರೆ ನಡಿಗೆಯೊಂದೇ ತೋಳನ್ನೂ ಬೆನ್ನನ್ನೂ ತುಂಬಿಕೊಡುವುದಿಲ್ಲ. ಭಾರ ಎತ್ತಬೇಕು. ವಾರಕ್ಕೆ ಕನಿಷ್ಠ ಎರಡು ದಿನ ದೊಡ್ಡ ಸ್ನಾಯುಗಳಿಗೆಲ್ಲ ಕೆಲಸ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಾನಂತೂ ಎಲ್ಲ ಇಳಿದು ಒಂದು ವರ್ಷದ ಮೇಲೆ ಶುರು ಮಾಡಿದೆ. ಫಿಸಿಯೋಥೆರಪಿಸ್ಟ್ ಕಲಿಸಿದ ಹಾಗೆ ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಗೆ ಕೈಯೊತ್ತಿ ದಂಡ ಹೊಡೆಯುವುದು, ಎರಡು ಕೈಚೀಲಗಳಲ್ಲಿ ಎರಡೆರಡು ಕಿಲೋ ಮೆಣಸು ತುಂಬಿ ಎತ್ತುವುದು. ಮೆಣಸಿನ ಚೀಲ ಈಗ ಐದೈದು ಕಿಲೋ ಆಗಿದೆ. ಮೊದಲ ವರ್ಷ ನಿಮ್ಮಪ್ಪನ ಜೊತೆ ಮಲ್ಲಳ್ಳಿ ಜಲಪಾತಕ್ಕೆ ಇಳಿದು, ಆ ನೂರಾರು ಮೆಟ್ಟಿಲು ಹತ್ತಲಾಗದೆ ಮಧ್ಯದಲ್ಲಿ ಕುಳಿತು ಅತ್ತಿದ್ದೆ. ಹೋದ ದೀಪಾವಳಿಯ ಮಾರನೆಯ ದಿನ ಹತ್ತಿ ಮೇಲೆ ಬಂದು, ಕೆಳಗೆ ಏದುಸಿರು ಬಿಡುತ್ತಿದ್ದ ಅವರನ್ನೇ ಕಾದೆ. ತೋಳಿನ ಚರ್ಮ ಈಗಲೂ ಜೋಲುತ್ತದೆ, ಆದರೆ ಮೊದಲಿನ ಹಾಗೆ ಖಾಲಿ ಚೀಲದಂತೆ ಅಲ್ಲ. ಭುಜದ ಬಳಿ ಒಂದು ಉಬ್ಬು ಬಂದಿದೆ. ಅದನ್ನು ನೀನು ಗಮನಿಸಿರಲಿಕ್ಕಿಲ್ಲ, ನಾನಂತೂ ದಿನಾ ಮುಟ್ಟಿ ನೋಡಿಕೊಳ್ಳುತ್ತೇನೆ.

ಊಟದಲ್ಲಿ ನಮ್ಮ ಮನೆಯದೇ ಒಂದು ದೋಷವಿದೆ: ಅಕ್ಕಿರೊಟ್ಟಿ, ಕಡುಬು, ಅನ್ನ, ಎಲ್ಲವೂ ಅಕ್ಕಿ. ಹೊಟ್ಟೆ ತುಂಬುತ್ತದೆ, ಸ್ನಾಯುವಿಗೆ ದಕ್ಕುವುದು ಕಡಿಮೆ. ಆರೋಗ್ಯವಂತ ವಯಸ್ಕರಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ತೂಕ ಇಳಿಸುತ್ತಿರುವವರಿಗೆ ಅದಕ್ಕಿಂತ ಹೆಚ್ಚೇ ಬೇಕು. ನನಗೆ ಆಹಾರತಜ್ಞೆ ದಿನಕ್ಕೆ 80 ಗ್ರಾಂ ಗುರಿ ಹಾಕಿಕೊಟ್ಟರು. ಮೂತ್ರಪಿಂಡದ ತೊಂದರೆ ಇದೆಯೇ ಎಂದು ಮೊದಲು ರಕ್ತ ಪರೀಕ್ಷೆ ಮಾಡಿಸಿಯೇ ಹಾಕಿಕೊಟ್ಟದ್ದು, ನೀನೂ ಹಾಗೆಯೇ ಮಾಡು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಚಿಲ್ಲರೆ. ನೂರು ಗ್ರಾಂ ಬೆಂದ ಕೋಳಿಯಲ್ಲಿ 25ಕ್ಕೂ ಮೇಲೆ. ನೂರು ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22, ಆದರೆ ಅದು ಒಣಕಾಳಿನ ತೂಕ, ಬಸಿದ ಸಾರಿನದಲ್ಲ. ಅಜ್ಜಿ ಹುರುಳಿಕಟ್ಟನ್ನು ನಮಗೆ ಬಡಿಸಿ ಬೆಂದ ಕಾಳನ್ನು ಹಸುವಿಗೆ ಹಾಕುತ್ತಿದ್ದರು. ಹಸು ಗಟ್ಟಿಮುಟ್ಟಾಗಿಯೇ ಇತ್ತು.

ಕೊಲಾಜೆನ್ ಕಟ್ಟಲು ಸಿ ಜೀವಸತ್ವ ಬೇಕು. ಅದಕ್ಕೆ ಮಾತ್ರೆ ಹುಡುಕಬೇಡ. ಭೌಗೋಳಿಕ ಗುರುತಿನ ಮುದ್ರೆ ಹೊತ್ತ ಕೊಡಗಿನ ಕಿತ್ತಳೆ ನಮ್ಮ ತೋಟದಲ್ಲೇ ನಾಲ್ಕು ಮರ ಉಳಿದಿದೆ, ಕಳಿಸುತ್ತೇನೆ. ಸೀಬೆಯಲ್ಲಿ ಇನ್ನೂ ಹೆಚ್ಚಿದೆ.

ನೀನು 2,800 ರೂಪಾಯಿ ಕೊಟ್ಟು ತಂದ ಬಿಗಿಗೊಳಿಸುವ ಕ್ರೀಮಿನ ಬಗ್ಗೆ ಹೇಳಿದರೆ ಬೇಸರ ಮಾಡಿಕೊಳ್ಳುತ್ತೀಯ. ಆದರೂ ಹೇಳುತ್ತೇನೆ. ಕೊಲಾಜೆನ್ ಕಣ ತೀರಾ ದೊಡ್ಡದು, ಮೇಲಿಂದ ಹಚ್ಚಿದರೆ ಒಳಗಿಳಿಯುವುದಿಲ್ಲ. ಒಣಚರ್ಮಕ್ಕೆ ತೇವ ಸಿಗುತ್ತದೆ, ಆ ಕೆಲಸವನ್ನು ಕೊಬ್ಬರಿ ಎಣ್ಣೆಯೂ ಮಾಡುತ್ತದೆ. ಹೊಟ್ಟೆಗೆ ಪ್ಲಾಸ್ಟಿಕ್ ಸುತ್ತಿ ಬೆವರಿಸುವುದರಿಂದ ಇಳಿಯುವುದು ನೀರು, ಅದು ಒಂದು ಲೋಟ ಕುಡಿದರೆ ವಾಪಸು. ಬಿಸಿಲು ಮಾತ್ರ ನಿಜವಾದ ಶತ್ರು, ಅದರ ಅತಿನೇರಳೆ ಕಿರಣ ಕೊಲಾಜೆನ್ನನ್ನು ಮುರಿಯುತ್ತದೆ. ಸಿಗರೇಟಿನ ಹೊಗೆಯೂ ಅದೇ ಕೆಲಸ ಮಾಡುತ್ತದೆ. ನೀನು ಸೇದುವುದಿಲ್ಲ ಎಂದು ನಂಬಿದ್ದೇನೆ.

ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ವಿವರವಾಗಿ ಬರೆಯುತ್ತೇನೆ. ನಾನು ಇಳಿದ ಮೊದಲ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯಲ್ಲಿ ಯಾವ ಬಟ್ಟೆಯೂ ಪೂರ್ತಿ ಒಣಗುವುದಿಲ್ಲ, ಅಗ್ಗಿಷ್ಟಿಕೆಯ ಮೇಲೆ ಹರಡಿದರೂ ಹೊಗೆಯ ವಾಸನೆ ಬರುತ್ತದೆಯೇ ಹೊರತು ತೇವ ಹೋಗುವುದಿಲ್ಲ. ಹೊಟ್ಟೆಯ ಚರ್ಮ ಮಡಿಕೆಯಾಗಿ ಇಳಿಬಿದ್ದಿತ್ತಲ್ಲ, ಅದರ ಅಡಿಯಲ್ಲಿ ಕೆಂಪಗಾಗಿ ಉರಿಯತೊಡಗಿತು. ಮೊದಲು ಜಿಗಣೆ ಕಡಿತ ಎಂದುಕೊಂಡೆ. ಆಮೇಲೆ ಅರಿಸಿನ, ಎಣ್ಣೆ. ತೇವದ ಮೇಲೆ ಎಣ್ಣೆ ಹಚ್ಚಿದ್ದರಿಂದ ಇನ್ನಷ್ಟು ಹರಡಿತು. ನಾಚಿಕೆಯಿಂದ ಡಾಕ್ಟರ ಬಳಿ ಹೋಗದೆ ಔಷಧದ ಅಂಗಡಿಯಲ್ಲಿ ಒಂದು ಟ್ಯೂಬು ಕೇಳಿ ತಂದೆ. ಎರಡೇ ದಿನದಲ್ಲಿ ಉರಿ ನಿಂತಿತು, ಮೂರನೆಯ ವಾರಕ್ಕೆ ದುಪ್ಪಟ್ಟಾಗಿ ಬಂತು. ಅದರಲ್ಲಿ ಸ್ಟೀರಾಯ್ಡ್ ಬೆರೆತಿತ್ತು. ಅದು ಉರಿಯನ್ನು ಅಡಗಿಸಿ ಶಿಲೀಂಧ್ರವನ್ನು ಬೆಳೆಯಲು ಬಿಡುತ್ತದೆ, ಬಹಳ ದಿನ ಹಚ್ಚಿದರೆ ಚರ್ಮವನ್ನೇ ತೆಳುವಾಗಿಸುತ್ತದೆ. ಮೊದಲೇ ಸೋತ ಚರ್ಮಕ್ಕೆ ನಾನೇ ಕೈಯಾರೆ ಅದನ್ನು ತಿಕ್ಕಿದೆ. ಆಮೇಲೆ ಸರಿಯಾದ ಶಿಲೀಂಧ್ರದ ಮುಲಾಮು ಸಿಕ್ಕಿ ವಾಸಿಯಾಯಿತು. ಈಗ ಸ್ನಾನದ ನಂತರ ಮಡಿಕೆಯನ್ನು ಎತ್ತಿ ಒರೆಸಿ, ನಿಮ್ಮಪ್ಪನ ಹಳೆಯ ಪಂಚೆಯ ಮೆತ್ತನೆಯ ತುಂಡನ್ನು ಮಡಿಸಿ ನಡುವೆ ಇಟ್ಟುಕೊಳ್ಳುತ್ತೇನೆ. ಓಡಾಡುವಾಗ ಚರ್ಮ ಅಲುಗಿ ಉಜ್ಜದಂತೆ ಬಿಗಿಯಾದ ಒಳ ಉಡುಪು ತೊಡುತ್ತೇನೆ. ನಿನಗೂ ಉರಿ, ವಾಸನೆ ಬಂದರೆ ಮೊದಲ ದಿನವೇ ಚರ್ಮದ ಡಾಕ್ಟರಿಗೆ ತೋರಿಸು.

ಶಸ್ತ್ರಚಿಕಿತ್ಸೆಯ ಬಗ್ಗೆಯೂ ನೀನು ಕೇಳಿದೆ. ಮೈಸೂರಿನಲ್ಲಿ ಒಬ್ಬ ಪ್ಲಾಸ್ಟಿಕ್ ಸರ್ಜನ್ ಅವರನ್ನು ನಾನು ಗುಟ್ಟಾಗಿ ನೋಡಿ ಬಂದಿದ್ದೆ, ಸೀರೆ ತರಲು ಎಂದು ಮನೆಯಲ್ಲಿ ಹೇಳಿದ್ದ ದಿನ. ಬಹಳ ಜೋತ ಚರ್ಮವನ್ನು ನಿಜವಾಗಿ ತೆಗೆಯುವ ದಾರಿ ಅದೊಂದೇ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ತೂಕ ಕನಿಷ್ಠ ಆರು ತಿಂಗಳು ಏರಿಳಿಯದೆ ನಿಂತಿರಬೇಕು. ಸೊಂಟದ ಈ ಮೂಳೆಯಿಂದ ಆ ಮೂಳೆಯವರೆಗೆ ಗಾಯದ ಗೆರೆ ಉಳಿಯುತ್ತದೆ. ಮುಂದೆ ಮಕ್ಕಳು ಬೇಕೆನ್ನುವವರು ಹೊಟ್ಟೆಯದನ್ನು ಆಮೇಲೆ ಮಾಡಿಸುವುದು ಲೇಸು. ನಾನು ಆ ಗೆರೆಗೆ ಒಪ್ಪಲಿಲ್ಲ. ನೀನು ಒಪ್ಪಿದರೆ ನಾನು ತಡೆಯುವುದಿಲ್ಲ, ಆಸ್ಪತ್ರೆಯಲ್ಲಿ ಬಂದು ಕೂರುತ್ತೇನೆ. ಆದರೆ ಈಗಲೇ ಅಲ್ಲ. ತೂಕ ನಿಂತ ಮೇಲೂ ಒಂದೆರಡು ವರ್ಷ ಚರ್ಮ ತನ್ನಷ್ಟಕ್ಕೆ ಸ್ವಲ್ಪ ಸ್ವಲ್ಪ ಕುಗ್ಗುತ್ತಿರುತ್ತದೆ. ಇನ್ನೊಂದು, ಈಗ ಜೋಲುತ್ತಿರುವುದೆಲ್ಲ ಚರ್ಮವೇ ಅಲ್ಲ. ಎರಡು ಬೆರಳಲ್ಲಿ ಹಿಡಿದು ನೋಡು. ದಪ್ಪಗೆ ಮೆತ್ತಗೆ ಸಿಕ್ಕಿದರೆ ಅದರಲ್ಲಿ ಕೊಬ್ಬು ಇನ್ನೂ ಇದೆ, ಇಳಿಯುವುದು ಬಾಕಿ ಇದೆ ಎಂದು ಅರ್ಥ.

ನಾಳೆ ಸಂತೆಗೆ ಹೋದಾಗ ಬಸ್ಸಿನಲ್ಲಿ ಚೀಲ ಕಳಿಸುತ್ತೇನೆ: ಎರಡು ಡಜನ್ ಕಿತ್ತಳೆ, ಎರಡು ಕಿಲೋ ಹುರುಳಿ, ಎತ್ತಲು ಐದು ಕಿಲೋ ಮೆಣಸು. ಮೆಣಸನ್ನು ಯಾರಿಗೂ ಹಂಚಬೇಡ, ದರ ಚೆನ್ನಾಗಿರುವಾಗ ವಾಪಸು ತಾ. ಬರುವಾಗ ಅಳತೆಗೆ ಒಂದು ರವಿಕೆ ತೆಗೆದುಕೊಂಡು ಬಾ. ಮದುವೆಗೆ ಹೊಲಿಸುವುದರಲ್ಲಿ ಎರಡೂ ಪಕ್ಕ ಎರಡೆರಡು ಇಂಚು ಬಟ್ಟೆ ಒಳಗೆ ಬಿಡಲು ಹೇಳುತ್ತೇನೆ, ಹಿಡಿಯುವುದಕ್ಕೂ ಆಗುತ್ತದೆ, ಬಿಡುವುದಕ್ಕೂ ಆಗುತ್ತದೆ. ತೋಳು ಎಷ್ಟುದ್ದ ಬೇಕೆಂದು ನೀನೇ ಟೈಲರಿಗೆ ಹೇಳು. ನನ್ನದಕ್ಕೆ ಈ ಸಲ ಗಿಡ್ಡ ತೋಳು ಎಂದು ಹೇಳಿ ಬಂದಿದ್ದೇನೆ. ಅವನು ಎರಡು ಸಲ ಕೇಳಿ ಬರೆದುಕೊಂಡ.

ನಿನ್ನ ಅಮ್ಮ